ಗಾಳಿಗೆ ಕಟ್ಟಿದ ಕಂದಾಯ

2016ರ ಆಗಸ್ಟ್ 7. ರಿಯೊ ಡಿ ಜನೈರೊದಲ್ಲಿ ಮಹಿಳೆಯರ ಒಲಿಂಪಿಕ್ ರಸ್ತೆ ಸೈಕಲ್ ಓಟ ಕೊನೆಯ ಘಟ್ಟಕ್ಕೆ ಬಂದಿತ್ತು. ವಿಸ್ಟಾ ಚಿನೇಸಾ ಬೆಟ್ಟ ಇಳಿದು ಕಡಲದಂಡೆಯ ಚಪ್ಪಟೆ ರಸ್ತೆಗೆ ಬಿದ್ದಾಗ ಅಮೆರಿಕದ ಮಾರಾ ಆಬಟ್ ಒಬ್ಬಳೇ ಮುಂದಿದ್ದಳು. ಅವಳಿಗಿಂತ ಮುಂದಿದ್ದ ಹಾಲೆಂಡಿನ ಆನೆಮೀಕ್ ವಾನ್ ಫ್ಲೂಟೆನ್ ಇಳಿಜಾರಿನ ತಿರುವೊಂದರಲ್ಲಿ ಉರುಳಿ, ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡು ರಸ್ತೆಬದಿಯಲ್ಲಿ ಬಿದ್ದಿದ್ದಳು. ಆಬಟ್‌ಗಿಂತ ಅರ್ಧ ನಿಮಿಷದಷ್ಟು ಹಿಂದೆ ಮೂವರು ಬರುತ್ತಿದ್ದರು: ಹಾಲೆಂಡಿನ ಆನಾ ವಾನ್ ಡರ್ ಬ್ರೆಗೆನ್, ಸ್ವೀಡನ್ನಿನ ಎಮ್ಮಾ ಯೋಹಾನ್ಸನ್, ಇಟಲಿಯ ಎಲಿಸಾ ಲೊಂಗೊ ಬೊರ್ಗಿನಿ.

ಗುರಿಗೆರೆ ಇನ್ನು ನೂರೈವತ್ತು ಮೀಟರ್ ಇದೆ ಎನ್ನುವಾಗ ಮೂವರೂ ಆಬಟ್‌ಳನ್ನು ದಾಟಿ ಹೋದರು. ವಾನ್ ಡರ್ ಬ್ರೆಗೆನ್‌ಗೆ ಚಿನ್ನ, ಯೋಹಾನ್ಸನ್‌ಗೆ ಬೆಳ್ಳಿ, ಎಲಿಸಾಗೆ ಕಂಚು. ಆಬಟ್ ನಾಲ್ಕನೆಯವಳು. ಸುಮಾರು 137 ಕಿಲೊಮೀಟರ್ ಓಡಿದ ಮೇಲೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಬಟ್ ಕೊನೆಯಲ್ಲಿ ಸುಸ್ತಾಗಿ ಕುಸಿದಳೇ? ಹಾಗೇನಿಲ್ಲ. ನಾಲ್ವರೂ ಒಂದೇ ಬಲದಲ್ಲಿ ಪೆಡಲ್ ತುಳಿಯುತ್ತಿದ್ದರು ಎಂದುಕೊಂಡರೂ ಫಲಿತಾಂಶ ಇದೇ ಬರುತ್ತದೆ. ಮೂವರು ಸರದಿಯಲ್ಲಿ ಮುಂದೆ ಬಂದು ಗಾಳಿಗೆ ಎದೆ ಕೊಟ್ಟರೆ, ಉಳಿದಿಬ್ಬರು ಆ ಹೊತ್ತಿಗೆ ಮುಂದಿರುವವಳ ಮರೆಯಲ್ಲಿ ಸುಧಾರಿಸಿಕೊಳ್ಳುತ್ತಾರೆ. ಸರಾಸರಿ ಹಿಡಿದರೆ ಒಬ್ಬೊಬ್ಬರ ಪಾಲಿಗೆ ಬರುವ ಗಾಳಿಯ ತಡೆ ಒಂಟಿ ಸವಾರಳಿಗೆ ತಗಲುವುದರ ಮುಕ್ಕಾಲು ಭಾಗದಷ್ಟು. ಇದರಿಂದ ವೇಗ ಶೇಕಡಾ ಎಂಟರಷ್ಟಾದರೂ ಹೆಚ್ಚುತ್ತದೆ. ಒಂಟಿ ಸವಾರಳು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೊರಟರೆ ಹತ್ತು ಕಿಲೊಮೀಟರಿಗೆ 15 ನಿಮಿಷ ಬೇಕು. ಮೂವರಿಗೆ 14 ನಿಮಿಷವೂ ಬೇಡ. ಅರ್ಧ ನಿಮಿಷದ ಅಂತರ ಇದರಲ್ಲಿ ಕರಗಿಹೋಗುವುದಕ್ಕೆ ಯಾರ ಕಾಲೂ ಸೋಲಬೇಕಿಲ್ಲ.

ಎಲಿಸಾ ಲೊಂಗೊ ಬೊರ್ಗಿನಿಯನ್ನು ಈ ಅಧ್ಯಾಯಕ್ಕೆ ಆರಿಸಿಕೊಂಡದ್ದು ಆಕೆ ಗೆದ್ದ ಪದಕಗಳ ಎಣಿಕೆಗಾಗಿ ಅಲ್ಲ. ರಸ್ತೆ ಸೈಕ್ಲಿಂಗ್ ಎಂಬ ಆಟದಲ್ಲಿ ಗಾಳಿ ಎಲ್ಲರಿಂದಲೂ ಕಂದಾಯ ವಸೂಲು ಮಾಡುತ್ತದೆ. ಕೆಲವರು ಅದನ್ನು ಬೇರೆಯವರಿಂದ ಕಟ್ಟಿಸುತ್ತಾರೆ, ಕೊನೆಯ ಇನ್ನೂರು ಮೀಟರಿನಲ್ಲಿ ಚಿಮ್ಮಿ ಗೆಲ್ಲುತ್ತಾರೆ. ಎಲಿಸಾಗೆ ಆ ಚಿಮ್ಮು ಹುಟ್ಟಿನಿಂದ ಬಂದಿಲ್ಲ. ಹಾಗಾಗಿ ಆಕೆ ಗೆಲ್ಲಬೇಕಾದರೆ ತನ್ನ ಕಂದಾಯವನ್ನು ತಾನೇ, ಅದೂ ಮುಂಗಡವಾಗಿ ಕಟ್ಟಬೇಕು. ಆಕೆಯ ಕಂಚುಗಳೂ ಆಕೆಯ ದೊಡ್ಡ ಗೆಲುವುಗಳೂ ಇದೊಂದೇ ಕಾರಣದಿಂದ ಹುಟ್ಟಿದವು ಎಂಬುದು ನನ್ನ ವಾದ.

ಮೊದಲು ಕಂದಾಯದ ದರ ನೋಡೋಣ. ಸವಾರಳೂ ಸೈಕಲ್ಲೂ ಸೇರಿ 68 ಕಿಲೊ ಎಂದಿಟ್ಟುಕೊಳ್ಳಿ. ಚಪ್ಪಟೆ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂಟಿಯಾಗಿ ಹೋಗಲು ಸುಮಾರು 275 ವ್ಯಾಟ್ ಬೇಕು. ಅದರಲ್ಲಿ ಟೈರು ರಸ್ತೆಗೆ ಉಜ್ಜುವುದಕ್ಕೆ ಹೋಗುವುದು ಬರೀ 30. ಉಳಿದ 245ರಷ್ಟು ಗಾಳಿಯನ್ನು ಸರಿಸುವುದಕ್ಕೇ ಖರ್ಚು. ಜಗತ್ತಿನಲ್ಲಿ ಅಗ್ರಶ್ರೇಣಿಯ ಕೆಲವು ಮಹಿಳೆಯರಷ್ಟೇ ಒಂದಿಡೀ ಗಂಟೆ ಇಷ್ಟು ಶಕ್ತಿ ಹೊಮ್ಮಿಸಬಲ್ಲರು. ಈಗ ವೇಗವನ್ನು 40ರಿಂದ 44ಕ್ಕೆ ಏರಿಸಿ. ಏರಿದ್ದು ಹತ್ತನೆಯ ಒಂದು ಪಾಲು, ಆದರೆ ಗಾಳಿಯ ಖರ್ಚು ಮೂರನೆಯ ಒಂದು ಪಾಲು ಏರಿ ಸುಮಾರು 325 ವ್ಯಾಟ್ ಆಗುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತದೆ. ಆ ತಡೆಯನ್ನು ಇನ್ನೂ ಹೆಚ್ಚಿನ ವೇಗದಲ್ಲಿ ದೂಡಬೇಕಾದ್ದರಿಂದ ಶಕ್ತಿಯ ಬೇಡಿಕೆ ಘನದಷ್ಟು ಏರುತ್ತದೆ. ಹಳ್ಳಿ ರಸ್ತೆಯಲ್ಲಿ ಲಾರಿಯ ಹಿಂದೆ ಸೈಕಲ್ ತುಳಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಮುಂದಿನವರು ಗಾಳಿ ಸೀಳಿದರೆ ಹಿಂದೆ ಒತ್ತಡ ಕಡಿಮೆಯಾದ ಒಂದು ಗವಿ ಉಂಟಾಗುತ್ತದೆ, ಅದರೊಳಗೆ ತೂರಿಕೊಂಡವರಿಗೆ ಮೂರನೆಯ ಒಂದು ಭಾಗದಷ್ಟು ತಡೆ ಮಾಫಿ.

ನೂರಾರು ಸವಾರರ ದಟ್ಟ ಗುಂಪನ್ನು ಸೈಕ್ಲಿಂಗ್ ಜಗತ್ತು ಪೆಲೊಟಾನ್ ಎನ್ನುತ್ತದೆ. ಅಲ್ಲಿ ಈ ಮಾಫಿ ನಂಬಲಾಗದಷ್ಟು. ಐಂಡ್‌ಹೋವೆನ್‌ನ ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು 2018ರಲ್ಲಿ 121 ಸವಾರರ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿಸುರಂಗದಲ್ಲೂ ಕಟ್ಟಿ ನೋಡಿದರು. ನಡು-ಹಿಂಭಾಗದಲ್ಲಿ ಹುದುಗಿದ ಸವಾರರಿಗೆ ತಗಲುವ ತಡೆ ಒಂಟಿ ಸವಾರರ ತಡೆಯ ಶೇಕಡಾ 5ರಿಂದ 10ರಷ್ಟು ಮಾತ್ರ ಎಂಬ ಉತ್ತರ ಬಂತು. ಗಂಟೆಗೆ 54 ಕಿ.ಮೀ. ವೇಗದ ಗುಂಪಿನೊಳಗೆ ಹಾಯಾಗಿ ಕೂತವರು ಗಾಳಿಯ ಲೆಕ್ಕದಲ್ಲಿ ಪೇಟೆಗೆ ತರಕಾರಿ ತರಲು ಹೊರಟ ವೇಗದಲ್ಲಿರುತ್ತಾರೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇಂಥ ಆಟಕ್ಕೆ ಎಲಿಸಾ ಬಂದದ್ದು ಹಿಮದ ನಾಡಿನಿಂದ. ಹುಟ್ಟಿದ್ದು 1991ರ ಡಿಸೆಂಬರ್ 10ರಂದು, ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆ ಪ್ರಾಂತದ ವೆರ್ಬಾನಿಯಾದಲ್ಲಿ. ಬೆಳೆದದ್ದು ಅಲ್ಲಿಂದ ಒಳಗೆ, ತೋಚೆ ನದಿಯ ಕಣಿವೆಯ ಓರ್ನವಾಸ್ಸೊ ಎಂಬ ಪುಟ್ಟ ಊರಿನಲ್ಲಿ. ಮಿಲಾನಿನ ಮಹಾ ಇಗರ್ಜಿಗೆ ಗುಲಾಬಿ ಅಮೃತಶಿಲೆ ಹೋದದ್ದು ಇದೇ ಕಣಿವೆಯ ಗಣಿಗಳಿಂದ. ತಾಯಿ ಗ್ವಿದಿನಾ ದಾಲ್ ಸಾಸ್ಸೊ 1980ರ ದಶಕದ ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಇಟಲಿಯ ಪರವಾಗಿ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಮಾಡಿದವಳು. ಅಣ್ಣ ಪಾವೊಲೊ ವೃತ್ತಿಪರ ಸೈಕಲ್ ಸವಾರನಾಗಿದ್ದ. ಅವನದು ಗ್ರೆಗಾರಿಯೊ ಕೆಲಸ, ಅಂದರೆ ನಾಯಕನಿಗಾಗಿ ಗಾಳಿ ಸೀಳುವ, ನೀರು ತರುವ, ತಾನು ಗೆಲ್ಲದ ದುಡಿಮೆ.

ಸ್ಕೀಯಿಂಗಿನಿಂದ ಸೈಕಲ್ಲಿಗೆ ಇಟಲಿಯಲ್ಲಿ ಹಳೆಯ ದಾರಿಯೊಂದಿದೆ. ದಕ್ಷಿಣ ಟಿರೋಲಿನ ಮರಿಯಾ ಕಾನಿನ್ಸ್ ಕ್ರಾಸ್‌ಕಂಟ್ರಿ ಸ್ಕೀಯಿಂಗಿನಲ್ಲಿ ಹೆಸರು ಮಾಡಿ, ಬಳಿಕ ಸೈಕಲ್ ಏರಿ 1985 ಮತ್ತು 86ರಲ್ಲಿ ಮಹಿಳೆಯರ ಟೂರ್ ದ ಫ್ರಾನ್ಸ್ ಗೆದ್ದಳು. 1988ರಲ್ಲಿ ಇಟಲಿಯ ಹಲವು ದಿನಗಳ ಓಟವಾದ ಮಹಿಳಾ ಜಿರೊ ಶುರುವಾದಾಗ ಅದರ ಮೊದಲ ವಿಜೇತೆಯೂ ಅವಳೇ. ಎರಡು ಆಟಗಳೂ ಕೇಳುವುದು ಒಂದನ್ನೇ: ಗಂಟೆಗಟ್ಟಲೆ ಆಮ್ಲಜನಕವನ್ನು ಸ್ನಾಯುಗಳಿಗೆ ಮುಟ್ಟಿಸುವ ತಾಕತ್ತು. ದೇಹದ ಪ್ರತಿ ಕಿಲೊ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲಿರಿ ಎಂಬುದು ಇದರ ಅಳತೆ. ಸಾಮಾನ್ಯ ಯುವತಿಗೆ ಇದು 35–40. ಪರ್ವತ ಏರುವ ವೃತ್ತಿಪರ ಸವಾರಳಿಗೆ 60 ದಾಟಲೇಬೇಕು. ತೋಳು, ಬೆನ್ನು, ಕಾಲು ಎಲ್ಲವನ್ನೂ ಒಟ್ಟಿಗೆ ದುಡಿಸುವ ಸ್ಕೀಯರುಗಳಲ್ಲಿ ಬಹಳ ಹೆಚ್ಚಿನ ಅಂಕಿಗಳು ದಾಖಲಾಗಿವೆ.

ಇದು ರಕ್ತದಲ್ಲಿ ಬರುವುದೇ? 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಹೆರಿಟೇಜ್ ಅಧ್ಯಯನ, ಕೂತು ಉಣ್ಣುವ ಕುಟುಂಬಗಳನ್ನು ಹಿಡಿದು ಇಪ್ಪತ್ತು ವಾರ ಸೈಕಲ್ ತುಳಿಸಿತು. ಅಪ್ಪ, ಅಮ್ಮ, ಮಕ್ಕಳು ಎಲ್ಲರಿಗೂ ಒಂದೇ ತಾಲೀಮು. ಕೆಲವು ಮನೆಯವರ ಸಾಮರ್ಥ್ಯ ಗಣನೀಯವಾಗಿ ಏರಿತು, ಕೆಲವು ಮನೆಯವರದು ಅಲುಗಲೇ ಇಲ್ಲ. ತಾಲೀಮಿಗೆ ದೇಹ ಎಷ್ಟು ಒಗ್ಗುತ್ತದೆ ಎಂಬ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಮನೆತನದ್ದು ಎಂದು ಕ್ಲೋಡ್ ಬುಷಾರ್ ತಂಡ ತೀರ್ಮಾನಿಸಿತು. ಮನೆತನ ಎಂದರೆ ವಂಶವಾಹಿಯೂ ಹೌದು, ಒಂದೇ ಅಡುಗೆಮನೆಯ ಊಟವೂ ಹೌದು. ಎರಡನ್ನು ಪೂರ್ತಿ ಬಿಡಿಸಲಾಗದು. ಒಲಿಂಪಿಕ್ ಸ್ಕೀಯರ್ ತಾಯಿ ಇರುವ ಮನೆಯಲ್ಲಿ ಭಾನುವಾರ ಬೆಳಗ್ಗೆ ಮಕ್ಕಳನ್ನು ಹಾಸಿಗೆಯಲ್ಲಿ ಬಿಡುತ್ತಾರೆಂದು ನನಗನ್ನಿಸುವುದಿಲ್ಲ.

ಆದರೆ ಈ ವರಕ್ಕೆ ಒಂದು ಬೆಲೆಯಿದೆ. ದೂರ ಓಡಲು ಬೇಕಾದವು ನಿಧಾನವಾಗಿ ಸಂಕುಚಿಸುವ, ಮೈಟೊಕಾಂಡ್ರಿಯಾ ತುಂಬಿದ, ದಣಿಯದ ಸ್ನಾಯುತಂತುಗಳು. ಕೊನೆಯ ಚಿಮ್ಮಿಗೆ ಬೇಕಾದವು ದಪ್ಪಗಿನ, ಚುರುಕು ತಂತುಗಳು. ಅವು ಹತ್ತು ಸೆಕೆಂಡಿನ ಆಸುಪಾಸು ಫಾಸ್ಫೊಕ್ರಿಯಾಟಿನ್ ಎಂಬ ಕೂಡಿಟ್ಟ ಇಂಧನದ ಮೇಲೆ ಉರಿದು ನಂದಿಹೋಗುತ್ತವೆ. ಎರಡೂ ಸಮೃದ್ಧವಾಗಿರುವವರು ಬಹಳ ಅಪರೂಪ. ಎಲಿಸಾಳ ಮಟ್ಟಿಗೆ ಇದಕ್ಕೆ ಪ್ರಯೋಗಾಲಯದ ಸಾಕ್ಷ್ಯ ಹುಡುಕಬೇಕಿಲ್ಲ, ಫಲಿತಾಂಶದ ಪಟ್ಟಿ ನೋಡಿದರೆ ಸಾಕು. 2012ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಹಾಲೆಂಡಿನ ವಾಲ್ಕೆನ್‌ಬರ್ಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2016ರಲ್ಲಿ ರಿಯೊದಲ್ಲಿ ಕಂಚು. 2024ರಲ್ಲಿ ಜೂರಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಣ್ಣ ಗುಂಪಿನ ಕೊನೆಯ ಚಿಮ್ಮಿನಲ್ಲಿ ಮತ್ತೆ ಕಂಚು. ಎಲ್ಲಕ್ಕಿಂತ ಕಟುವಾದದ್ದು 2020ರ ಇಮೋಲಾ ವಿಶ್ವ ಚಾಂಪಿಯನ್‌ಷಿಪ್. ವಾನ್ ಡರ್ ಬ್ರೆಗೆನ್ ಆಗಲೇ ಏಕಾಂಗಿಯಾಗಿ ಗೆದ್ದು ಹೋಗಿದ್ದಳು. ಬೆಳ್ಳಿಗಾಗಿ ಎಲಿಸಾ ಸೆಣಸಿದ್ದು ವಾನ್ ಫ್ಲೂಟೆನ್ ಜೊತೆ, ಮಣಿಕಟ್ಟು ಮುರಿದು ಇನ್ನೂ ಎರಡು ವಾರ ಕಳೆಯದ ವಾನ್ ಫ್ಲೂಟೆನ್ ಜೊತೆ. ಅಂತರ ಒಂದು ಚಕ್ರದಷ್ಟೂ ಇರಲಿಲ್ಲ. ಬೆಳ್ಳಿ ಆಕೆಗೆ ಸಿಗಲಿಲ್ಲ.

ಹಾಗಾದರೆ ಇಂಥ ಸವಾರಳು ಗೆಲ್ಲುವುದು ಹೇಗೆ? ಕೊನೆಯ ಇನ್ನೂರು ಮೀಟರಿಗೆ ಯಾರೂ ಜೊತೆಗೆ ಬರದಂತೆ ನೋಡಿಕೊಂಡು. 2015ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ ಗುರಿ ಇನ್ನೂ ಸುಮಾರು 30 ಕಿ.ಮೀ. ದೂರವಿರುವಾಗಲೇ ಎಲಿಸಾ ಗುಂಪು ಬಿಟ್ಟು ಹೊರಟಳು. ಮೇಲಿನ ಲೆಕ್ಕದ ಪ್ರಕಾರ ಇದು ಹುಚ್ಚುತನ. ಹಿಂದೆ ಹತ್ತಾರು ಮಂದಿ ಸರದಿಯಲ್ಲಿ ಗಾಳಿ ಸೀಳಿದರೆ ಒಂಟಿ ಸವಾರಳನ್ನು ಹತ್ತೇ ನಿಮಿಷದಲ್ಲಿ ನುಂಗಬಹುದು. ಆದರೂ ಆಕೆ 43 ಸೆಕೆಂಡು ಮುಂಚಿತವಾಗಿ ಗೆದ್ದಳು. ಕಾರಣ, ಹಿಂದಿನ ಗುಂಪಿನಲ್ಲಿ ಆಕೆಯದೇ ತಂಡದ ಯೋಲೀನ್ ದಹೋರೆ ಕೂತಿದ್ದಳು. ಬೆಲ್ಜಿಯಂನ ದಹೋರೆ ಚಿಮ್ಮುವುದರಲ್ಲಿ ನಿಸ್ಸೀಮಳು. ಗುಂಪಿನ ಉಳಿದವರ ಮುಂದೆ ಈಗ ಎರಡು ಕೆಟ್ಟ ಆಯ್ಕೆಗಳು: ಮೈಮುರಿದು ಎಲಿಸಾಳನ್ನು ಹಿಡಿದರೆ, ಒಂದು ಹನಿ ಬೆವರೂ ಸುರಿಸದ ದಹೋರೆಯನ್ನು ಗುರಿಗೆರೆಯವರೆಗೆ ಹೊತ್ತು ತಂದಂತಾಗುತ್ತದೆ. ಹಿಡಿಯದಿದ್ದರೆ ಎಲಿಸಾ ಗೆಲ್ಲುತ್ತಾಳೆ. ನೀನು ದುಡಿ ಎಂದು ಅವಳೂ, ನೀನು ದುಡಿ ಎಂದು ಇವಳೂ ಮುಖ ನೋಡುವ ಹೊತ್ತಿಗೆ ಅಂತರ ಬೆಳೆದಿತ್ತು. ಎರಡನೆಯ ಸ್ಥಾನದ ಚಿಮ್ಮನ್ನು ದಹೋರೆಯೇ ಗೆದ್ದಳು.

ಅರ್ಥಶಾಸ್ತ್ರಜ್ಞರು ಪುಕ್ಕಟೆ ಸವಾರಿಯ ಸಮಸ್ಯೆ ಎಂದು ಕರೆಯುವುದು ಇದನ್ನೇ, ಇಲ್ಲಿ ಅಕ್ಷರಶಃ ಸವಾರಿಯ ಮೇಲೆ. ಎಲ್ಲರೂ ಸ್ವಲ್ಪ ದುಡಿದರೆ ಎಲ್ಲರಿಗೂ ಲಾಭ, ಆದರೆ ದುಡಿಯದೆ ಕೂತವರಿಗೆ ಇನ್ನೂ ಹೆಚ್ಚು ಲಾಭ. ಭೌತಶಾಸ್ತ್ರ ಗುಂಪಿನ ಪರವಾಗಿದೆ, ಗುಂಪಿನ ಮನಸ್ಸು ಒಂಟಿ ಸವಾರಳ ಪರವಾಗಿದೆ. ಈ ಎರಡರ ನಡುವಿನ ಬಿರುಕಿನಲ್ಲಿ ಎಲಿಸಾ ತನ್ನ ವೃತ್ತಿಬದುಕು ಕಟ್ಟಿಕೊಂಡಳು.

ಉತ್ತರ ಫ್ರಾನ್ಸಿನ ಪ್ಯಾರಿಸ್–ರೂಬೆ ಈ ಉಪಾಯದ ಅತ್ಯಂತ ಒರಟು ಪರೀಕ್ಷೆ. ಮಹಿಳೆಯರಿಗೆ ಈ ಓಟ ತೆರೆದುಕೊಂಡದ್ದೇ 2021ರಲ್ಲಿ. ಪುರುಷರದು 1896ರಿಂದ ನಡೆದುಬಂದಿದೆ. ಮೊದಲ ಮಹಿಳಾ ಓಟ ಗೆದ್ದ ಲಿಜ್ಜಿ ಡೈಗ್ನನ್‌ಗೆ ಸಂಘಟಕರು ಕೊಟ್ಟ ಬಹುಮಾನ 1,535 ಯೂರೊ, ಪುರುಷ ವಿಜೇತನಿಗೆ 30,000. 2022ರ ಏಪ್ರಿಲ್ 16ರ ಎರಡನೆಯ ಓಟದಲ್ಲಿ 124.7 ಕಿ.ಮೀ. ಹಾದಿ, ಅದರಲ್ಲಿ 29 ಕಿ.ಮೀ.ಗೂ ಹೆಚ್ಚು ದೂರ ಹಳೆಯ ಕಾಲದ ಕಲ್ಲುಹಾಸು, 17 ತುಣುಕುಗಳಲ್ಲಿ. ಕಲ್ಲೆಂದರೆ ನುಣುಪು ಚಪ್ಪಡಿಯಲ್ಲ. ಗಾಡಿ ಚಕ್ರಕ್ಕೆ ಸವೆದು ಅಂಚು ಗುಂಡಗಾದ, ನಡುವೆ ಮಣ್ಣು ಕಿತ್ತುಹೋದ, ಬೊಗಸೆ ಗಾತ್ರದ ಬಂಡೆಗಳು.

ಇಲ್ಲಿ ಕಂದಾಯ ಎರಡಾಗುತ್ತದೆ. ಟೈರು ಪ್ರತಿ ಕಲ್ಲಿನ ಮೇಲೂ ಅಮುಕಿ ಮತ್ತೆ ಉಬ್ಬುತ್ತದೆ. ಅಮುಕುವಾಗ ಹೀರಿದ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ, ಒಂದು ಪಾಲು ಶಾಖವಾಗಿ ಸೋರುತ್ತದೆ. ಟೈರು ಗಟ್ಟಿಯಾಗಿದ್ದಷ್ಟೂ ಒಳ್ಳೆಯದೆಂದು ಸೈಕಲ್ ಅಂಗಡಿಯವರು ಬಹುಕಾಲ ಹೇಳುತ್ತಿದ್ದರು. ಗಾಜಿನಂಥ ನೆಲದ ಮೇಲೆ ಅದು ನಿಜ. ಕಲ್ಲಿನ ಮೇಲೆ ಗಟ್ಟಿ ಟೈರು ಸೈಕಲ್ಲನ್ನೂ ಸವಾರಳನ್ನೂ ಮೇಲಕ್ಕೆಸೆಯುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ತೊಡೆ, ತೋಳು, ಹೊಟ್ಟೆಯ ಮಾಂಸಖಂಡಗಳ ನಡುಕವಾಗಿ ವ್ಯರ್ಥವಾಗುತ್ತದೆ. ಹಾಗಾಗಿ ರೂಬೆಗೆ ಬರುವವರು ಅಗಲ ಟೈರು ಹಾಕಿ ಗಾಳಿ ಇಳಿಸುತ್ತಾರೆ, ಪಂಕ್ಚರಿನ ಭಯ ಇದ್ದರೂ. ಇನ್ನೊಂದು ಸೂಕ್ಷ್ಮ: ಕಲ್ಲಿನ ಮೇಲೆ ವೇಗ ಇಳಿಯುವುದರಿಂದ, ಜೊತೆಗೆ ಮುಂದಿನ ಚಕ್ರಕ್ಕೆ ಅಂಟಿಕೊಂಡು ಹೋದರೆ ಬೀಳುವ ಹೆದರಿಕೆಯಿಂದ, ಗಾಳಿಮರೆಯ ಲಾಭ ತಗ್ಗುತ್ತದೆ. ಒಂಟಿಯಾಗಿ ಹೊರಡಲು ಇದು ಚಪ್ಪಟೆ ಡಾಂಬರಿಗಿಂತ ಅಗ್ಗದ ಜಾಗ.

ಗುರಿಗೆ 30 ಕಿ.ಮೀ.ಗೂ ಹೆಚ್ಚು ಇರುವಾಗ ಎಲಿಸಾ ಹೊರಟಳು. ಅದೇ ದಿನ ಆಕೆಯ ತಂಡದ, ಆಗಿನ ವಿಶ್ವ ಚಾಂಪಿಯನ್ ಎಲಿಸಾ ಬಾಲ್ಸಮೊ ತಂಡದ ಕಾರಿನಿಂದ ಮಿತಿಮೀರಿದ ನೆರವು ಪಡೆದಳೆಂದು ಓಟದಿಂದ ಹೊರಬಿದ್ದಿದ್ದಳು. ಗಾಳಿಯ ಕಂದಾಯ ತಪ್ಪಿಸಿದವರಿಗೆ ದಂಡವೂ ಇದೆಯಲ್ಲ! ಹಿಂದಿನ ಗುಂಪಿನಲ್ಲಿ ಚಿಮ್ಮಬಲ್ಲ ಲೊಟ್ಟೆ ಕೊಪೆಕಿ ಇದ್ದಳು, ಆದರೆ ಅವಳ ಜೊತೆಗೇ ಎಲಿಸಾಳ ತಂಡದ ಲುಸಿಂಡಾ ಬ್ರಾಂಡ್ ಕೂಡ ಇದ್ದಳು, ದುಡಿಯದೆ. 2015ರ ನಾಟಕ, ಪಾತ್ರಧಾರಿಗಳು ಬೇರೆ. ರೂಬೆಯ ವೆಲೊಡ್ರೋಮಿಗೆ ಎಲಿಸಾ 23 ಸೆಕೆಂಡು ಮುಂಚೆ ಬಂದಳು. ಎರಡನೆಯವಳು ಕೊಪೆಕಿ, ಮೂರನೆಯವಳು ಬ್ರಾಂಡ್.

ಗುಂಪಿನ ಮನಸ್ಸು ಯಾವಾಗಲೂ ಎಲಿಸಾಳ ಪರವೇ ಎಂದುಕೊಳ್ಳಬೇಡಿ. 2021ರ ಜುಲೈ 25ರ ಟೋಕಿಯೊ ಒಲಿಂಪಿಕ್ ಓಟದಲ್ಲಿ ಅದು ಬೇರೆಯವಳಿಗೆ ಒಲಿಯಿತು. ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಸ್ವಿಟ್ಜರ್ಲೆಂಡಿನ ಲೊಜಾನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದವಳು. ವೃತ್ತಿಪರ ತಂಡ ಆಕೆಗಿರಲಿಲ್ಲ. ಓಟ ಶುರುವಾದೊಡನೆ ಕೆಲವರ ಜೊತೆ ಮುಂದೆ ಹೋದಳು, ಉಳಿದವರು ಕಳಚಿಬಿದ್ದ ಮೇಲೂ ಒಬ್ಬಳೇ ಹೊರಟಳು. ಒಲಿಂಪಿಕ್ಸ್‌ನಲ್ಲಿ ಸವಾರರ ಕಿವಿಗೆ ರೇಡಿಯೊ ಇರುವುದಿಲ್ಲ. ಮುಂದೆ ಎಷ್ಟು ಮಂದಿ ಇದ್ದಾರೆ, ಎಷ್ಟು ಮಂದಿಯನ್ನು ಹಿಡಿದಾಯಿತು ಎಂಬ ಎಣಿಕೆಯೇ ಗುಂಪಿಗೆ ತಪ್ಪಿಹೋಯಿತು. ನಾಲ್ವರು ದೈತ್ಯೆಯರಿದ್ದ ಹಾಲೆಂಡ್ ತಂಡ ದುಡಿಯಲಿ ಎಂದು ಉಳಿದ ದೇಶಗಳು ಕಾದವು. ವಾನ್ ಫ್ಲೂಟೆನ್ ಕೊನೆಯಲ್ಲಿ ಒಂಟಿಯಾಗಿ ಬಂದು, ತಾನೇ ಗೆದ್ದೆನೆಂದುಕೊಂಡು ಎರಡೂ ಕೈ ಎತ್ತಿ ಸಂಭ್ರಮಿಸಿದಳು. ಕೀಸೆನ್‌ಹೋಫರ್ ಗುರಿ ದಾಟಿ ಅದಾಗಲೇ ಒಂದೂಕಾಲು ನಿಮಿಷ ಕಳೆದಿತ್ತು. ವಾನ್ ಫ್ಲೂಟೆನ್ ಹಿಂದೆ 14 ಸೆಕೆಂಡಿಗೆ ಎಲಿಸಾ ಬಂದಳು, ಅವಳೂ ಒಂಟಿಯಾಗಿ. ಮೊದಲ ಮೂವರೂ ಒಬ್ಬೊಬ್ಬರೇ ಬಂದ ಆ ಓಟದಲ್ಲಿ ಚಿಮ್ಮಿನ ಪ್ರಶ್ನೆಯೇ ಬರಲಿಲ್ಲ. ಆಕೆಯ ಕಂಚುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು.

ದುಡ್ಡಿನ ಮಾತು ಒಂದಿಷ್ಟು. ಮಹಿಳೆಯರ ಅಗ್ರ ತಂಡಗಳಿಗೆ ಕನಿಷ್ಠ ಸಂಬಳ ನಿಗದಿಯಾದದ್ದೇ 2020ರಲ್ಲಿ, ವರ್ಷಕ್ಕೆ 15,000 ಯೂರೊ. ಅದಕ್ಕೂ ಮೊದಲು ಇಟಲಿಯ ಎಷ್ಟೋ ಕ್ರೀಡಾಪಟುಗಳಂತೆ ಎಲಿಸಾಗೂ ಆಸರೆಯಾದದ್ದು ಪೊಲೀಸ್ ಇಲಾಖೆಯ ಕ್ರೀಡಾ ವಿಭಾಗವಾದ ಫಿಯಾಮ್ಮೆ ಓರೊ.

ಇನ್ನು ಮೈಯ ಕಥೆ. 2013ರ ಜೂನ್‌ನಲ್ಲಿ ಇಟಲಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಬಿದ್ದು ಎಲಿಸಾ ಸೊಂಟದ ಮೂಳೆ ಮುರಿದುಕೊಂಡಳು. ಆಗ ಆಕೆಗೆ 21. ರಸ್ತೆ ಸೈಕ್ಲಿಂಗ್‌ನಲ್ಲಿ ಒಂದು ವೈಚಿತ್ರ್ಯವಿದೆ. ಹೃದಯ, ಶ್ವಾಸಕೋಶ, ಸ್ನಾಯುಗಳನ್ನು ಉಕ್ಕಿನಂತೆ ಮಾಡುವ ಈ ಆಟ ಮೂಳೆಗಳನ್ನು ಮರೆಯುತ್ತದೆ. ಮೂಳೆ ಬಲಿಯುವುದು ಅದರ ಮೇಲೆ ಮತ್ತೆಮತ್ತೆ ಭಾರ ಬಿದ್ದಾಗ, ಕಾಲು ನೆಲಕ್ಕೆ ಬಡಿದಾಗ. ಜೀನಿನ ಮೇಲೆ ಕೂತ ದೇಹಕ್ಕೆ ಆ ಬಡಿತ ಸಿಗುವುದಿಲ್ಲ. ವೃತ್ತಿಪರ ರಸ್ತೆ ಸವಾರರ ಬೆನ್ನುಮೂಳೆಯ ಸಾಂದ್ರತೆ ಅವರದೇ ವಯಸ್ಸಿನ ಓಟಗಾರರಿಗಿಂತ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮಹಿಳೆಯರಲ್ಲಿ ತಿನ್ನುವುದಕ್ಕಿಂತ ಉರಿಸುವುದು ಹೆಚ್ಚಾದರೆ ಮುಟ್ಟು ನಿಂತು ಈಸ್ಟ್ರೊಜೆನ್ ಇಳಿಯುತ್ತದೆ, ಮೂಳೆಗೆ ಎರಡನೆಯ ಹೊಡೆತ. ಬೆಟ್ಟ ಏರಲು ತೂಕ ಇಳಿಸು ಎಂದು ತರಬೇತುದಾರರು ಹೇಳುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಈ ಒಂದು ಉಪದೇಶ ಎಷ್ಟು ಹುಡುಗಿಯರ ಮೂಳೆ ತಿಂದಿದೆಯೋ.

2025ರ ಏಪ್ರಿಲ್‌ನ ಪೆಟ್ಟು ತಲೆಗೆ. ಫ್ಲಾಂಡರ್ಸ್ ಓಟದಲ್ಲಿ ಬಿದ್ದ ಎಲಿಸಾಗೆ ಕನ್ಕಶನ್ ಆಯಿತು. ಹಿಂದಿನ ವರ್ಷ ಇದೇ ಓಟವನ್ನು ಆಕೆ ಎರಡನೆಯ ಬಾರಿ ಗೆದ್ದಿದ್ದಳು. ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ, ಒಳಗಿನ ದ್ರವದಲ್ಲಿ ತೇಲುವ ಮಿದುಳು ಗಿರ್ರನೆ ತಿರುಗಿ ಎಳೆದಾಡುವುದನ್ನು ಪೂರ್ತಿ ತಡೆಯಲಾರದು. ನರತಂತುಗಳು ಹಿಗ್ಗುತ್ತವೆ, ಅಯಾನುಗಳ ಸಮತೋಲ ಕೆಡುತ್ತದೆ. ಅದನ್ನು ಸರಿಪಡಿಸಲು ಮಿದುಳು ಹೆಚ್ಚಿನ ಇಂಧನ ಕೇಳುವ ಹೊತ್ತಿಗೇ ರಕ್ತದ ಹರಿವು ತಗ್ಗಿರುತ್ತದೆ. ಸ್ಕ್ಯಾನಿನಲ್ಲಿ ಇದೇನೂ ಕಾಣದೇ ಇರಬಹುದು. ವಿಶ್ವ ಸೈಕ್ಲಿಂಗ್ ಒಕ್ಕೂಟ 2021ರಿಂದಷ್ಟೇ ಇದಕ್ಕೊಂದು ಕ್ರಮ ತಂದಿದೆ. ಬಿದ್ದವರನ್ನು ಎಬ್ಬಿಸಿ ಮತ್ತೆ ಜೀನಿಗೆ ಹತ್ತಿಸುವ ಮೊದಲು ರಸ್ತೆಬದಿಯಲ್ಲೇ ಕೆಲವು ಪ್ರಶ್ನೆ ಕೇಳಬೇಕು. ಎಲಿಸಾ ರೂಬೆ ಓಟ ತಪ್ಪಿಸಿಕೊಂಡಳು. ಎರಡು ವಾರ ತುಂಬುವ ಮೊದಲೇ ಮರಳಿ ಬಂದು ಬ್ರಾಬಾಂಟ್ಸೆ ಪೈಲ್ ಎಂಬ ಓಟ ಗೆದ್ದಳು.

ಇಷ್ಟು ಹೊತ್ತು ಒಂದು ದಿನದ ಓಟಗಳ ಮಾತಾಯಿತು. ಹಲವು ದಿನಗಳ ಓಟದ ಲೆಕ್ಕ ಬೇರೆ. ಅಲ್ಲಿ ಬೆಟ್ಟ ಬರುತ್ತದೆ, ಬೆಟ್ಟ ಬಂದೊಡನೆ ಗಾಳಿ ಹಿಂದೆ ಸರಿಯುತ್ತದೆ. ನಮ್ಮ 68 ಕಿಲೊ ಲೆಕ್ಕವನ್ನೇ ಶೇಕಡಾ 8ರ ಏರಿನಲ್ಲಿ ಗಂಟೆಗೆ 16 ಕಿ.ಮೀ. ವೇಗಕ್ಕೆ ಹಚ್ಚಿ. ಭೂಮಿಯ ಎಳೆತದ ವಿರುದ್ಧ ಸುಮಾರು 235 ವ್ಯಾಟ್, ಗಾಳಿಗೆ ಬರೀ 16. ಇಲ್ಲಿ ಮರೆಯಲ್ಲಿ ಕೂತು ಉಳಿಸುವುದು ಚಿಲ್ಲರೆ ಕಾಸು. ಪ್ರತಿ ಕಿಲೊ ತೂಕಕ್ಕೆ ಎಷ್ಟು ವ್ಯಾಟ್ ಎಂಬುದೊಂದೇ ಮುಖ್ಯ. ಎಲಿಸಾ ಎಲ್ಲರಿಗಿಂತ ಹಗುರವೂ ಅಲ್ಲ, ಎಲ್ಲರಿಗಿಂತ ಬಲಶಾಲಿಯೂ ಅಲ್ಲ. ಹಾಗಾಗಿ ಆಕೆಯ ಗೆಲುವಿನ ಅಂತರಗಳು ನಿಮಿಷಗಳಲ್ಲಿ ಇರುವುದಿಲ್ಲ. 2022ರ ಬ್ರಿಟನ್ನಿನ ವಿಮೆನ್ಸ್ ಟೂರನ್ನು ಆರು ದಿನಗಳ ಓಟದ ನಂತರ ಗ್ರೇಸ್ ಬ್ರೌನ್‌ಗಿಂತ ಒಂದೇ ಒಂದು ಸೆಕೆಂಡಿನಿಂದ ಗೆದ್ದಳು. ಕೊನೆಯ ದಿನ ಆಕ್ಸ್‌ಫರ್ಡ್‌ನ ಚಿಮ್ಮಿನಲ್ಲಿ, ಹೌದು, ಚಿಮ್ಮಿನಲ್ಲೇ, ಮೂರನೆಯವಳಾಗಿ ಬಂದು, ಒಟ್ಟು ಸಮಯದಿಂದ ಕಳೆಯುವ ಬೋನಸ್ ಸೆಕೆಂಡು ಗಿಟ್ಟಿಸಿಕೊಂಡಳು. ನನ್ನ ವಾದಕ್ಕೆ ಇದು ಅಡ್ಡ ಬರುವ ಉದಾಹರಣೆ. ಇರಲಿ, ಮುಚ್ಚಿಡಬೇಕಿಲ್ಲ.

2024ರ ಜುಲೈ ಜಿರೊದಲ್ಲಿ ಮೊದಲ ದಿನ ಬ್ರೆಶಾದಲ್ಲಿ ಗಡಿಯಾರದ ವಿರುದ್ಧದ ಏಕಾಂಗಿ ಓಟ ಗೆದ್ದು ಮುನ್ನಡೆಯ ಗುಲಾಬಿ ಅಂಗಿ ತೊಟ್ಟವಳು ಕೊನೆಯವರೆಗೂ ಅದನ್ನು ಬಿಚ್ಚಲಿಲ್ಲ. ಬಿಚ್ಚುವ ಅಂಚಿಗೆ ಮಾತ್ರ ಬಂದಿದ್ದಳು. ಏಳನೆಯ ದಿನ ಅಬ್ರುಜ್ಜೊ ಪ್ರಾಂತದ ಬ್ಲಾಕ್‌ಹಾಸ್ ಏರು ಮುಗಿದಾಗ ಕೊಪೆಕಿಗಿಂತ ಆಕೆಗೆ ಉಳಿದಿದ್ದ ಮುನ್ನಡೆ ಒಂದು ಸೆಕೆಂಡು. ಕೊಪೆಕಿ ಚಿಮ್ಮಬಲ್ಲವಳು, ಬೋನಸ್ ಸೆಕೆಂಡುಗಳು ಅವಳಿಗೇ ಹೆಚ್ಚು ಸಲೀಸು. ಲಾಕ್ವಿಲಾದ ಕೊನೆಯ ಏರಿನಲ್ಲಿ ಎಲಿಸಾ ಕಾಯುತ್ತ ಕೂರಲಿಲ್ಲ, ತಾನೇ ಮೇಲೆ ಬಿದ್ದಳು. ಒಂದು ಸೆಕೆಂಡು 21 ಆಯಿತು. 2008ರಲ್ಲಿ ಫಾಬಿಯಾನಾ ಲುಪೆರಿನಿ ಗೆದ್ದ ಬಳಿಕ ಇಟಲಿಯವಳೊಬ್ಬಳು ಜಿರೊ ಗೆದ್ದದ್ದು ಅದೇ ಮೊದಲು.

ಮರುವರ್ಷದ ಜಿರೊ ಇನ್ನೂ ಸೊಗಸು, ಏಕೆಂದರೆ ಅಲ್ಲಿ ಗಾಳಿ ಮತ್ತು ಗುರುತ್ವ ಎರಡರ ಲೆಕ್ಕವನ್ನೂ ಒಂದೇ ಮಧ್ಯಾಹ್ನ ಕೂಡಿಸಿದ್ದಳು. ತಂಡ ಬದಲಾಗಿತ್ತು. ಏಳನೆಯ ದಿನದ ಗುರಿ ಮಾರ್ಕೆ ಪ್ರಾಂತದ ಮೊಂಟೆ ನೆರೋನೆ ಶಿಖರ. ಗುಲಾಬಿ ಅಂಗಿ ಸ್ವಿಟ್ಜರ್ಲೆಂಡಿನ ಮಾರ್ಲೆನ್ ರಾಯ್ಸರ್ ಮೈಮೇಲಿತ್ತು. ವೈದ್ಯೆಯಾಗಿದ್ದು ಸೈಕ್ಲಿಂಗಿಗೆ ಬಂದ ಆಕೆ ಏಕಾಂಗಿ ಓಟದಲ್ಲಿ ಜಗತ್ತಿನ ಅತ್ಯುತ್ತಮರಲ್ಲೊಬ್ಬಳು. ಹಗುರ ದೇಹದ ಆಸ್ಟ್ರೇಲಿಯನ್ ಸಾರಾ ಜಿಗಾಂಟೆ ಶಿಖರಕ್ಕಾಗಿ ಕಾಯುತ್ತಿದ್ದಳು. ಏರಿನಲ್ಲಿ ಜಿಗಾಂಟೆಯನ್ನು ಮೀರಿಸುವುದು ಎಲಿಸಾಗೆ ಕಷ್ಟ. ಆದ್ದರಿಂದ ಏರು ಶುರುವಾಗುವ ಮೊದಲೇ, ಗಾಳಿಯ ಕಂದಾಯ ಇನ್ನೂ ದುಬಾರಿಯಾಗಿರುವ ಕಡೆ, ತಂಡದ ಸಿಲ್ವಿಯಾ ಪೆರ್ಸಿಕೊಳನ್ನು ಕರೆದುಕೊಂಡು ಹೊರಟಳು. ಪೆರ್ಸಿಕೊ ಮುಂದೆ ಗಾಳಿ ಸೀಳಿದಳು, ಎಲಿಸಾ ಮರೆಯಲ್ಲಿ ಉಳಿಸಿದಳು, ಉಳಿಸಿದ್ದನ್ನು ಶಿಖರದ ಮೇಲೆ ಖರ್ಚು ಮಾಡಿದಳು. ಅಂದು ಗೆದ್ದದ್ದು ಜಿಗಾಂಟೆ, ಆದರೆ ಗುಲಾಬಿ ಅಂಗಿ ಎಲಿಸಾಗೆ ಬಂತು. ಮರುದಿನ ಓಟ ಮುಗಿದದ್ದು ಇಮೋಲಾದಲ್ಲಿ, ರಾಯ್ಸರ್‌ಗಿಂತ 18 ಸೆಕೆಂಡು ಮುಂದೆ.

ಹದಿಮೂರು ದಿನಗಳ ನಂತರ ಮಹಿಳೆಯರ ಟೂರ್ ದ ಫ್ರಾನ್ಸ್ ಶುರುವಾಯಿತು. ಈ ಓಟ ಎಲಿಸಾಗೆ ಒಲಿದದ್ದೇ ಇಲ್ಲ. 2023ರಲ್ಲಿ ಟೂರ್ಮಲೆ ಶಿಖರದ ದಿನಕ್ಕೆ ಮುಂಚೆ ಚರ್ಮದ ಸೋಂಕಿನಿಂದ ಹಿಂದೆ ಸರಿದಿದ್ದಳು, 2024ರಲ್ಲಿ ಅಭ್ಯಾಸದ ವೇಳೆ ಬಿದ್ದು ಹೊರಡಲೇ ಆಗಲಿಲ್ಲ. ಈ ಸಲ ಹೊಟ್ಟೆ. ಜೀರ್ಣಾಂಗದ ಸೋಂಕು ತಗಲಿ ಮೂರನೆಯ ಹಂತಕ್ಕೆ ಮೊದಲೇ ಮನೆಗೆ ಹೊರಟಳು. ಬೇರೆ ಕೆಲಸಗಳಲ್ಲಿ ಹೊಟ್ಟೆ ಕೆಟ್ಟರೆ ಒಂದು ದಿನ ತಳ್ಳಬಹುದು. ಇಲ್ಲಿ ಆಗದು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜೆನ್ ಹೆಚ್ಚೆಂದರೆ ನಾನೂರೈನೂರು ಗ್ರಾಂ, ಓಟದ ವೇಗದಲ್ಲಿ ಎರಡು ಮೂರು ಗಂಟೆಗೆ ಸಾಲುವಷ್ಟು. ಅದರಾಚೆ ಪ್ರತಿ ಗಂಟೆಗೂ ಎಂಬತ್ತು ತೊಂಬತ್ತು ಗ್ರಾಂ ಸಕ್ಕರೆಯನ್ನು ಕರುಳು ಹೀರಿ ರಕ್ತಕ್ಕೆ ಕೊಡಬೇಕು. ಅದೂ, ಕಾಲಿನ ಸ್ನಾಯುಗಳು ರಕ್ತವನ್ನೆಲ್ಲ ತಮ್ಮತ್ತ ಸೆಳೆದು ಕರುಳನ್ನು ಬಡವಾಗಿಸಿದ ಹೊತ್ತಿನಲ್ಲಿ.